ಲೇಸರ್ ಇಲ್ಲದೆ ಬೇರಿನ ಒಂದೇ ಕೋಶ ಚುಚ್ಚಿದ್ದು: ನನ್ನ ಅನುಭವ

ಬೇರಿನ ಒಂದೇ ಒಂದು ಕೋಶ ಸತ್ತರೆ ಅಕ್ಕಪಕ್ಕದವು ಏನು ಮಾಡುತ್ತವೆ? ನನಗೆ ಅದನ್ನು ಕಣ್ಣಾರೆ ನೋಡಬೇಕಿತ್ತು. ಅಕ್ಕಪಕ್ಕಕ್ಕೆ ತಗುಲದ ಹಾಗೆ ಒಂದೇ ಕೋಶವನ್ನು ಕೊಲ್ಲೋದು ಲೇಸರ್ ಇಲ್ಲದೆ ಆಗೋ ಕೆಲಸ ಅಲ್ಲ ಅಂತ ಎಲ್ಲರೂ ಹೇಳಿದರು. ಗಾಜಿನ ಸೂಜಿಯಲ್ಲಿ ಮಾಡಿದೆ. ಹಾಗೆ ಹೇಳಿದವರಲ್ಲೇ ಇಬ್ಬರು ಈಗ ನನ್ನ ಹತ್ತಿರ ಬಂದು ಕಲಿತುಕೊಂಡು ಹೋಗಿದ್ದಾರೆ.

ಮೊದಲ ವರ್ಷ ಪೂರ್ತಿ ಹಾಳು. ಯಾವ ಪದರದಲ್ಲಿ ರಕ್ಷಣೆಯ ಜೀನ್‌ಗಳು ಏಳುತ್ತವೆ ಅಂತ ನೋಡಲು ಬೇರನ್ನು ಸೆಲ್ಯುಲೇಸ್‌ನಲ್ಲಿ (ಕೋಶದ ಗೋಡೆ ಕರಗಿಸುವ ಎನ್‌ಜೈಮ್) ಕರಗಿಸಿ, ಹೊರಪದರ, ಅದರ ಕೆಳಗಿನ ಕಾರ್ಟೆಕ್ಸ್, ಇನ್ನೂ ಒಳಗೆ ನಾಳಗಳನ್ನು ಸುತ್ತಿದ ಪೆರಿಸೈಕಲ್ ಅಂತ ಸಾರ್ಟರ್‌ನಲ್ಲಿ (ಕೋಶ ವಿಂಗಡಿಸುವ ಯಂತ್ರ) ಬೇರೆ ಮಾಡುತ್ತಿದ್ದೆ. ಎನ್‌ಜೈಮಿಗೂ ಸಾರ್ಟರ್ ಬಾಡಿಗೆಗೂ ವರ್ಷದ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು. ಕೊನೆಗೆ ನೋಡಿದರೆ, ಏನೂ ಹಾಕದ ಕಂಟ್ರೋಲ್‌ನಲ್ಲೇ ರಕ್ಷಣೆಯ ಜೀನ್‌ಗಳು ಎದ್ದು ಕೂತಿದ್ದವು. ಗೋಡೆ ಕರಗಿಸೋದೇ ಗಿಡಕ್ಕೆ ದಾಳಿ, ಅಲ್ವಾ.

ಆಮೇಲೆ ಎಫ್‌ಆರ್‌ಕೆ1 ರಿಪೋರ್ಟರ್ ಇರುವ ಅರಾಬಿಡಾಪ್ಸಿಸ್ ಹಿಡಿದೆ. ಅರಾಬಿಡಾಪ್ಸಿಸ್ ಅಂದರೆ ಲ್ಯಾಬ್‌ಗಳಲ್ಲಿ ಬಳಸುವ ಒಂದು ಪುಟ್ಟ ಗಿಡ; ಎಫ್‌ಆರ್‌ಕೆ1 ಅನ್ನೋ ರಕ್ಷಣೆಯ ಜೀನ್ ಎದ್ದ ಕೋಶದ ನ್ಯೂಕ್ಲಿಯಸ್ ಈ ರಿಪೋರ್ಟರ್‌ನಿಂದ ಹೊಳೆಯುತ್ತದೆ. 5 ದಿನದ ಸಸಿ, 1 ಮೈಕ್ರೋಮೋಲಾರ್ ಫ್ಲ್ಯಾಗ್22 (ಬ್ಯಾಕ್ಟೀರಿಯಾ ಬಾಲದ ಪ್ರೋಟೀನಿನ ಒಂದು ತುಣುಕು, ಗಿಡ ಇದರಿಂದ ಬ್ಯಾಕ್ಟೀರಿಯಾ ಗುರುತಿಸುತ್ತದೆ). ತುದಿಯ ಹತ್ತಿರ, ಕೋಶಗಳು ಉದ್ದ ಆಗುವ ಜಾಗ ಹೊಳೆಯಿತು. ಬಲಿತ ಭಾಗ ಕತ್ತಲು. ಆದರೆ ಆ ಕತ್ತಲಲ್ಲೂ ಅಲ್ಲೊಂದು ಇಲ್ಲೊಂದು ಚುಕ್ಕಿ. ರಿಪೋರ್ಟರೇ ಸರಿಯಿಲ್ಲ, ಗಿಡದ ತಳಿ ಬದಲಿಸು ಅಂದರು ಜೊತೆಯವರು. ಯಾಕೋ ಮನಸ್ಸು ಒಪ್ಪಲಿಲ್ಲ. ಸತ್ತ ಕೋಶದ ಒಳಕ್ಕೆ ಮಾತ್ರ ನುಗ್ಗುವ ಕೆಂಪು ಬಣ್ಣ ಪ್ರೊಪಿಡಿಯಂ ಅಯೊಡೈಡ್ ಹಾಕಿ ನೋಡಿದೆ. ಚುಕ್ಕಿಗಳ ಪಕ್ಕದಲ್ಲೆಲ್ಲ ಒಳಗೆ ಕೆಂಪು ತುಂಬಿಕೊಂಡ ಸತ್ತ ಕೋಶ! ಪ್ಲೇಟ್‌ನಿಂದ ಎತ್ತುವಾಗ ನನ್ನ ಫೋರ್ಸೆಪ್ಸ್ ತಗುಲಿದ ಜಾಗ ಅದು. ಆ ರಾತ್ರಿ ನಿದ್ದೆ ಬರಲಿಲ್ಲ.

ಸೂಜಿ ಕೈಗೆ ಒಗ್ಗಲು ಎರಡು ತಿಂಗಳು ಹಿಡಿಯಿತು. ಮೊದಲ 60–70 ಸಸಿಗಳಲ್ಲಿ ಸೂಜಿ ಪದರಗಳನ್ನೆಲ್ಲ ದಾಟಿ ನಡುವಿನ ನಾಳಗಳಿಗೇ ಹೋಗುತ್ತಿತ್ತು. ಅಗರ್ (ಸಸಿ ಬೆಳೆಸುವ ಜೆಲ್ಲಿ) ಸ್ವಲ್ಪ ಗಟ್ಟಿ ಮಾಡಿ, ಬೇರನ್ನು ಕದಲಿಸದೆ ಬೆಳೆದ ಜಾಗದಲ್ಲೇ ಚುಚ್ಚಿದ ಮೇಲೆ ಸರಿಹೋಯಿತು. ಸೂಜಿಯ ತುದಿಯನ್ನು ಹೇಗೆ ಮುರಿಯುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಹೊರಪದರದ ಒಂದು ಕೋಶ ಚುಚ್ಚಿ, ಫ್ಲ್ಯಾಗ್22 ಕೊಟ್ಟು ಮಾರನೇ ದಿನ ನೋಡಿದೆ. ಕೆಂಪು ಕೋಶದ ಸುತ್ತ, ಕೆಳಗಿನ ಕಾರ್ಟೆಕ್ಸ್‌ನಲ್ಲೂ, ನ್ಯೂಕ್ಲಿಯಸ್‌ಗಳು ಮಣಿ ಪೋಣಿಸಿದ ಹಾಗೆ ಹೊಳೆಯುತ್ತಿದ್ದವು. 40ರಲ್ಲಿ 30ರ ಆಸುಪಾಸು ಹೀಗೇ ಬಂತು. ಸುಮ್ನೆ ಚುಚ್ಚಿದರೆ ಇಷ್ಟು ಇಲ್ಲ, ಬರೀ ಫ್ಲ್ಯಾಗ್22 ಕೊಟ್ಟರೂ ಇಲ್ಲ. ಫ್ಲ್ಯಾಗ್22 ಗುರುತಿಸುವ ಗ್ರಾಹಕ ಪ್ರೋಟೀನ್ ಎಫ್‌ಎಲ್‌ಎಸ್2 ಬಲಿತ ಹೊರಪದರದಲ್ಲಿ ತೀರಾ ಕಮ್ಮಿ. ಪಕ್ಕದ ಕೋಶ ಸತ್ತಾಗ ಅದು ಜಾಸ್ತಿ ಆಗುತ್ತದೆ. ಸ್ವಿಟ್ಜರ್ಲೆಂಡ್‌ನ ಲೊಸಾನ್ ವಿಶ್ವವಿದ್ಯಾಲಯದವರು 2020ರಲ್ಲಿ ಲೇಸರ್‌ನಿಂದ ತೋರಿಸಿದ್ದೂ ಇದನ್ನೇ. ಮಣ್ಣಿನ ಪ್ರತಿ ಬ್ಯಾಕ್ಟೀರಿಯಾ ಜೊತೆ ಜಗಳಕ್ಕೆ ನಿಂತರೆ ಬೇರು ಬೆಳೆಯೋದು ಯಾವಾಗ?

ನಡುವೆ ಬಟಾಣಿ ಬೇರಿನ ಹಿಂದೆಯೂ ಬಿದ್ದಿದ್ದೆ. ತುದಿಯನ್ನು ನೀರಲ್ಲಿ ಅದ್ದಿದರೆ ಸಾವಿರಾರು ಕೋಶ ಉದುರುತ್ತವೆ. ಒಂದು ತೊಟ್ಟು ಇಂಡಿಯಾ ಇಂಕ್ ಹಾಕಿದರೆ ಪ್ರತಿ ಕೋಶದ ಸುತ್ತ ಲೋಳೆಯ ಬಿಳಿ ಬಳೆ ಕಾಣುತ್ತದೆ. ಖರ್ಚೇ ಇಲ್ಲ, ಮಾಡಿ ನೋಡಿ.

ಕಾರ್ಟೆಕ್ಸ್‌ಗೂ ಒಳಗಿನ ಪದರ ಎಂಡೋಡರ್ಮಿಸ್ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಮೇಲಿನ ಪದರ ಕೆಡದೆ ಸೂಜಿ ಅಲ್ಲಿಗೆ ಇಳಿಯೋದಿಲ್ಲ. ಅದಕ್ಕೆ ಮುಂದಿನ ತಿಂಗಳು ಒಂದು ದಿನದ ಮಟ್ಟಿಗೆ ಲೇಸರ್ ಬಾಡಿಗೆಗೆ ಕೇಳಿದ್ದೇನೆ.