ಕ್ರ್ಯಾಬ್‌ಆಪಲ್ ನೆಡುವ ಮುಂಚೆ ಬಿಸಿಲು ನೋಡಿ

ಅಮೆರಿಕದ ಚಳಿ ಊರುಗಳಲ್ಲಿ ಇರುವವರಿಗೆ ಒಂದು ಮಾತು. ಮನೆ ಮುಂದೆ ಹೂವಿನ ಅಂದಕ್ಕೆ ಬೆಳೆಸುವ, ಚಿಕ್ಕ ಕಾಯಿ ಬಿಡುವ ಸೇಬಿನ ಜಾತಿಯ ಮರವಾದ ಕ್ರ್ಯಾಬ್‌ಆಪಲ್ ನೆಡಬೇಕು ಅಂತಿದ್ದರೆ ಹೂವಿನ ಬಣ್ಣಕ್ಕಿಂತ ಮೊದಲು ಬಿಸಿಲು ನೋಡಿ. ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬಿದ್ದರೆ ಮಾತ್ರ ಹೂ ಚೆನ್ನಾಗಿ ಬರುತ್ತದೆ.

‘ರಾಯಲ್ಟಿ’, ‘ರಾಯಲ್ ರೈನ್‌ಡ್ರಾಪ್ಸ್’ ಥರದ ನೇರಳೆ ಎಲೆಯ ತಳಿಗಳಲ್ಲಿ ಇನ್ನೂ ಹುಷಾರು. ಆ ಎಲೆಯೊಳಗೂ ಹಸಿರು ಕ್ಲೋರೋಫಿಲ್ ಇದೆ, ಆಹಾರ ತಯಾರಿಸುವುದು ಅದೇ. ಕಾಣುವ ನೇರಳೆ ಮಾತ್ರ ಇನ್ನೊಂದು ಬಣ್ಣದ ವಸ್ತುವಾದ ಆಂಥೋಸಯನಿನ್‌ದು. ಅದು ಬೆಳಕಿನ ಒಂದು ಪಾಲನ್ನು ತಾನೇ ಹೀರಿಬಿಡುತ್ತದೆ. ಸುಡು ಬಿಸಿಲಲ್ಲಿ ಎಲೆಗೆ ಕೊಡೆ ಹಿಡಿದ ಹಾಗೆ. ನೆರಳಲ್ಲಿ ಕೊಡೆ ಯಾಕೆ ಅಲ್ವಾ? ಅಲ್ಲಿ ಬಣ್ಣವೂ ಮಾಸಿ, ಎಲೆ ಹಸಿರೂ ಅಲ್ಲ ಕಂದೂ ಅಲ್ಲ ಅನ್ನುವಂತೆ ಆಗುತ್ತದೆ. ಅಂಥ ಜಾಗಕ್ಕೆ ಈ ತಳಿ ತರುವುದು ಸುಮ್ನೆ ದಂಡ. ಅದರಲ್ಲೂ ‘ರಾಯಲ್ಟಿ’ಗೆ ಸ್ಕ್ಯಾಬ್ ರೋಗ (ಎಲೆ ಮೇಲೆ ಕಲೆ ಬೀಳಿಸುವ ಶಿಲೀಂಧ್ರ ರೋಗ) ಬೇರೆ ಜಾಸ್ತಿ, ನೆರಳಲ್ಲಿ ಎಲೆ ಒದ್ದೆಯಾಗೇ ಇದ್ದರೆ ಕೇಳಲೇಬೇಡಿ.

ಬೆಳಗಿನ ಬಿಸಿಲಷ್ಟೇ ಬರುವ ಜಾಗವಾದರೆ ಹಸಿರೆಲೆಯ ‘ಶುಗರ್ ಟೈಮ್’ ವಾಸಿ. ಹೂ ಸ್ವಲ್ಪ ಕಡಿಮೆ ಬಿಡಬಹುದು, ಅಷ್ಟೇ.

ಇನ್ನೊಂದು ವಿಷಯ: ಮುಂದಿನ ವಸಂತದ ಮೊಗ್ಗು ಕೂರುವುದು ಈ ಬೇಸಿಗೆಯಲ್ಲೇ. ಹಾಗಾಗಿ ಬಿಸಿಲಿನ ಲೆಕ್ಕ ಹಾಕುವುದು ಜುಲೈನಲ್ಲಿ, ಪಕ್ಕದ ಮೇಪಲ್ ಮರದ ತುಂಬ ಎಲೆ ಇರುವಾಗ. ಏಪ್ರಿಲ್‌ನಲ್ಲಿ ಮರ ಬೋಳಾಗಿರುವಾಗ ಬೀಳುವ ಬಿಸಿಲನ್ನು ನಂಬಬೇಡಿ.