ಡೇರಿ ಚೀಟಿ ಓದುವ ತಾಯಿಗೆ ಮಗನ ಅಂಕ ಓದಲು ಬರಲ್ವಾ?

ಪೋಷಕರ ಸಭೆ ಅಂದರೆ ಏನಾಗುತ್ತದೆ ಅಂತ ಹೈಸ್ಕೂಲು ಮೇಷ್ಟ್ರುಗಳಿಗೆ ನಾನು ಹೇಳಬೇಕಿಲ್ಲ. ಚೆನ್ನಾಗಿ ಓದುವ ಮಕ್ಕಳ ಅಪ್ಪಂದಿರು ಬಂದು ಮುಂದಿನ ಸಾಲಲ್ಲಿ ಕೂರುತ್ತಾರೆ. ಯಾರು ಬರಬೇಕೋ ಅವರ ಸುಳಿವೇ ಇರುವುದಿಲ್ಲ.

ಕೋಲಾರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಗಣಿತ ಹೇಳುವವನು ನಾನು. ಮಾಡದ ಕಸರತ್ತಿಲ್ಲ. ಒಂದು ವರ್ಷ ದಾನಿಯೊಬ್ಬರನ್ನು ಹಿಡಿದು ಫ್ಲೆಕ್ಸು, ಶಾಮಿಯಾನ, ಊಟ ಎಲ್ಲ ಮಾಡಿಸಿದೆವು. ನಾಲ್ಕೈದು ಸಾವಿರ ಹೋಯಿತು, ಜನ ಊಟದ ಹೊತ್ತಿಗೆ ಸರಿಯಾಗಿ ಬಂದರು. ಆಮೇಲೆ ವಾಟ್ಸಾಪ್ ಗ್ರೂಪು. ಫೋನಿರುವುದು ಅಪ್ಪನ ಜೇಬಲ್ಲಿ. ಗ್ರೂಪಿನ ತುಂಬ ದೇವರ ಫೋಟೊ ಮತ್ತು ಟೊಮೆಟೊ ರೇಟು. ಬೆಳಗಿನ ಐದು ಗಂಟೆಗೆ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುವುದನ್ನೂ ಮಾಡಿದೆ. 'ಓದ್ತಾ ಇದೀನಿ ಸಾ' ಅಂತ ಹೇಳಿ ಮಗ್ಗುಲು ಬದಲಿಸುತ್ತಿದ್ದರು.

ಒಂದು ಸಂಜೆ ಡೇರಿಯಲ್ಲಿ ಹಾಲು ತಗೊಳ್ಳಲು ನಿಂತಿದ್ದಾಗ ಒಬ್ಬಾಕೆ ಕಾರ್ಯದರ್ಶಿ ಜೊತೆ ಜಗಳಕ್ಕಿಳಿದಿದ್ದಳು. ನಿನ್ನೆ ಚೀಟಿಯಲ್ಲಿ ಫ್ಯಾಟು (ಹಾಲಿನ ಕೊಬ್ಬಿನಂಶ) 4.2 ಇತ್ತು, ಇವತ್ತು 3.8 ಹೆಂಗಾಯ್ತು ಅಂತ. ನನ್ನ ಕ್ಲಾಸಿನ ಹುಡುಗನ ತಾಯಿ ಆಕೆ. ಪ್ರಗತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತುವವಳು. ದಶಮಾಂಶ ಬಿಂದುವಿನ ಸಮೇತ ಚೀಟಿ ಓದುತ್ತಾಳೆ!

ತಾಲ್ಲೂಕು ಪ್ರೆಸ್ಸಲ್ಲಿ ಡೇರಿ ಚೀಟಿ ಅಳತೆಯದೇ ಕಾರ್ಡು ಹೊಡೆಸಿದೆ. ಅಕ್ಷರ ಇಲ್ಲವೇ ಇಲ್ಲ ಅನ್ನಬೇಕು. ತಾರೀಖು, ಕೊಟ್ಟ ಲೆಕ್ಕ ಎಷ್ಟು, ಮಾಡಿದ್ದು ಎಷ್ಟು, ಕಿರುಪರೀಕ್ಷೆಗೆ ಹತ್ತಕ್ಕೆ ಎಷ್ಟು, ಅಷ್ಟೇ. ವರ್ಷಕ್ಕೆ ಆರೇಳುನೂರು ರೂಪಾಯಿ, ಕೈಯಿಂದಲೇ. ವಾರಕ್ಕೆರಡು ಸಂಜೆ ನಾನೇ ಡೇರಿ ಮುಂದೆ ನಿಲ್ಲುತ್ತಿದ್ದೆ. ಕ್ಯಾನು ಹಿಡಿದು ಸಾಲಲ್ಲಿ ನಿಂತವರಿಗೆ ಎರಡೆರಡು ನಿಮಿಷ. ಭಾಷಣ ಇಲ್ಲ. 'ಅಮ್ಮಾ, ಐದು ಕೊಟ್ಟಿದ್ದೆ, ಎರಡು ಮಾಡವ್ನೆ' ಅಂದರೆ ಸಾಕು, ಮಿಕ್ಕಿದ್ದು ಮನೆಯಲ್ಲಿ ಆಗುತ್ತಿತ್ತು. ತಿಂಗಳು ಕಳೆಯುವುದರೊಳಗೆ ಅವರೇ ಕೇಳತೊಡಗಿದರು: 'ನಮ್ ಹುಡ್ಗಂದು ಫ್ಯಾಟ್ ಎಷ್ಟು ಸಾ ಈ ವಾರ?'

ಸ್ಟಾಫ್ ರೂಮಲ್ಲಿ ನಕ್ಕರು. ಮೇಷ್ಟ್ರ ಮರ್ಯಾದೆ ಡೇರಿ ಬಾಗಿಲಿಗೆ ಬಂತು ಅಂದರು. ಹುಡುಗರೇ ಅಂಕಿ ತಿದ್ದಿಕೊಳ್ಳುತ್ತಾರೆ ಅನ್ನುವುದು ಇನ್ನೊಬ್ಬರ ವಾದ. ತಿದ್ದಿದರು ಕೂಡ. ಅದಕ್ಕೊಂದು ಗುರುತು ಇಟ್ಟಿದ್ದೇನೆ, ಇಲ್ಲಿ ಬರೆಯಲ್ಲ. ಇದನ್ನು ನನ್ನ ಹುಡುಗರೂ ಓದುತ್ತಾರೆ.

ನಡುವೆ ಇನ್ನೊಂದು ಗಮನಕ್ಕೆ ಬಂತು. ರೇಷ್ಮೆ ಸಾಕುವ ಮನೆ ಮಕ್ಕಳು ಹುಳ ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಶಾಲೆಗೇ ಬರುವುದಿಲ್ಲ. ಹಗಲೂ ರಾತ್ರಿ ಸೊಪ್ಪು ಹಾಕಬೇಕು, ಹಣ್ಣಾದ ಹುಳ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಅನ್ನುವ ತಟ್ಟೆಗೆ ಬಿಡಬೇಕು. ಬೈದರೆ ಏನೂ ಆಗಲಿಲ್ಲ. ಚಾಕಿ (ಮರಿಹುಳ) ತಂದ ತಾರೀಖು ಕೇಳಿ ಬರೆದಿಟ್ಟುಕೊಂಡೆ. ಆ ವಾರದ ಪಾಠ ಮುಂಚೆಯೇ ಹೇಳಿ, ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಪರೀಕ್ಷೆ ಇಡುತ್ತೇನೆ. ಆ ಮಕ್ಕಳ ಗೈರುಹಾಜರಿ ಅರ್ಧಕ್ಕಿಳಿಯಿತು. ಅಪ್ಪಂದಿರು ನನ್ನನ್ನು ಮಾತಾಡಿಸುವ ರೀತಿಯೇ ಬೇರೆಯಾಯಿತು.

ಫಲಿತಾಂಶ ಹೇಳದೆ ಇದ್ದರೆ ನೀವು ಬಿಡಲ್ಲ. ಗಣಿತದಲ್ಲಿ ಮೊದಲು ಅರ್ಧಕ್ಕರ್ಧ ಮಕ್ಕಳು ಫೇಲಾಗುತ್ತಿದ್ದರು. 2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮೆರಾದಲ್ಲಿ ನೇರ ನಿಗಾ ಇಡುವ ವೆಬ್‌ಕಾಸ್ಟಿಂಗ್ ಬಂದು, ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇಕಡಾ 83.89ರಿಂದ 73.40ಕ್ಕೆ ಬಿತ್ತಲ್ಲ, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ, ಆ ವರ್ಷ ನಮ್ಮಲ್ಲಿ ಗಣಿತ ಪಾಸಾದವರು ನೂರಕ್ಕೆ ಎಂಬತ್ತರ ಮೇಲೆ. ನಕ್ಕವರೊಬ್ಬರು ಕಾರ್ಡಿನ ಮಾದರಿ ಇಸಿದುಕೊಂಡು ಹೋಗಿದ್ದಾರೆ. ಎಲ್ಲ ಕಾರ್ಡಿನಿಂದಲೇ ಅಂತ ಹೇಳಲ್ಲ. ನಕ್ಷೆ, ಪ್ರಮೇಯ ಇವನ್ನು ಪ್ರತಿ ಶನಿವಾರ ತಿಕ್ಕಿದ್ದೂ ಇದೆ. ಆದರೆ ಶನಿವಾರ ಮಕ್ಕಳನ್ನು ಕಳಿಸಿದವರು ಆ ತಾಯಂದಿರೇ.

ಹಸು ಇಲ್ಲದ ಮನೆಗಳದ್ದೇ ಈಗ ತಲೆನೋವು, ಕೂಲಿಗೆ ಹೋಗುವವರು ಡೇರಿ ಕಡೆ ಬರಲ್ಲ. ಅವರಿಗೋಸ್ಕರ ನ್ಯಾಯಬೆಲೆ ಅಂಗಡಿ ಮುಂದೆ ನಿಲ್ಲುವುದು ಶುರು ಮಾಡಿದ್ದೇನೆ. ತಿಂಗಳಿಗೊಂದೇ ಸಲ ಸಿಗುತ್ತಾರೆ, ಸಾಲದು. ಸರ್ವರ್ ಕೈಕೊಟ್ಟ ದಿನ ಮಾತ್ರ ಇಡೀ ಸಾಲು ನನ್ನದೇ.