ಹಿಮ್ಮಡಿ ನೋವು: ನನ್ನ ಕಾಲಿಗೆ ನಾನೇ ಮಾಡಿಕೊಂಡ ಚಿಕಿತ್ಸೆ

ಫಿಸಿಯೋಥೆರಪಿ ಮಾಡುವವರಿಗೂ ಹಿಮ್ಮಡಿ ನೋವು ಬರುತ್ತದೆ. ದಿನವಿಡೀ ನಿಂತೇ ಕೆಲಸ ಮಾಡುವವರಿಗೆ ಬರದೆ ಇನ್ಯಾರಿಗೆ ಬರಬೇಕು, ಅಲ್ವಾ? ನನಗೆ ಬಂದಿದ್ದು ಎಡಗಾಲಿಗೆ. ಎದ್ದ ತಕ್ಷಣ ನೆಲಕ್ಕೆ ಕಾಲಿಟ್ಟರೆ ಜೀವ ಹೋಗುವಂಥ ನೋವು. ನಾಲ್ಕು ಹೆಜ್ಜೆ ಓಡಾಡಿದರೆ ಕಡಿಮೆ. ಸಂಜೆ ಹೊತ್ತಿಗೆ ಮತ್ತೆ ಶುರು. ಪ್ಲಾಂಟರ್ ಫೇಶಿಯೈಟಿಸ್, ಅಂದರೆ ಅಂಗಾಲಿನ ಪಟ್ಟಿಯ ನೋವು, ಇರಬೇಕು ಅನ್ನಿಸಲು ಇಷ್ಟೇ ಸಾಕಿತ್ತು.

ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಹಬ್ಬಿಕೊಂಡಿದೆ. ಮಲಗಿದಾಗ ಪಾದ ಕೆಳಕ್ಕೆ ಬಾಗಿರುತ್ತದೆ, ರಾತ್ರಿಯೆಲ್ಲಾ ಈ ಪಟ್ಟಿಯೂ ಮೀನಖಂಡವೂ ಸಡಿಲವಾಗಿ ಮುದುಡಿಕೊಂಡಿರುತ್ತವೆ. ಬೆಳಗ್ಗೆ ಮೈಭಾರವೆಲ್ಲ ಒಮ್ಮೆಲೇ ಬಿದ್ದಾಗ ಪಟ್ಟಿ ಮೂಳೆಗೆ ಅಂಟಿಕೊಂಡ ಜಾಗದಲ್ಲಿ ಜಗ್ಗುತ್ತದೆ. ಹಿಮ್ಮಡಿಯ ತಳದಲ್ಲಿ, ಒಳಬದಿಗೆ, ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಸರಿಯಾಗಿ ಅದೇ ಜಾಗ. ಕಾಲ್ಬೆರಳನ್ನು ಹಿಂದಕ್ಕೆ ಎಳೆದರೆ ನೋವು ಇನ್ನೂ ಜಾಸ್ತಿ.

ಎಕ್ಸ್‌ರೇ ತೆಗೆಸಲಿಲ್ಲ. ಹಿಮ್ಮಡಿಯಲ್ಲಿ ಮೂಳೆ ಬೆಳೆದಿದೆ ಎಂದು ಎಕ್ಸ್‌ರೇ ಹಿಡಿದುಕೊಂಡು ಹೆದರಿ ಬರುವವರನ್ನು ದಿನಾ ನೋಡುತ್ತೇನೆ. ಒಂದು ಚೂರೂ ನೋವಿಲ್ಲದ ಎಷ್ಟೋ ಜನರ ಕಾಲಲ್ಲೂ ಆ ಮೂಳೆ ಇರುತ್ತದೆ. ಅದು ಇದ್ದಂತೆಯೇ ನೋವು ವಾಸಿಯಾಗುತ್ತದೆ.

ನಾನು ಮೊದಲು ನೋಡಿದ್ದು ಮೀನಖಂಡವನ್ನು. ಗೋಡೆಯ ಮುಂದೆ ನಿಂತು, ಹಿಮ್ಮಡಿ ಏಳದಂತೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಬೇಕು. ಪಾದವನ್ನು ಗೋಡೆಯಿಂದ ಎಷ್ಟು ದೂರ ಇಡಲು ಆಗುತ್ತದೆ ಎಂಬುದೇ ಅಳತೆ. ಸುಮಾರು 10 ಸೆಂಟಿಮೀಟರ್ ಬಂದರೆ ಒಳ್ಳೆಯದು. ಬಲಗಾಲು ಆರಾಮಾಗಿ ಬಂತು. ಎಡಗಾಲು ಅದರ ಅರ್ಧಕ್ಕೇ ನಿಂತಿತು. ಕಣಕಾಲು ಮುಂದಕ್ಕೆ ಬಾಗದಿದ್ದರೆ ಪ್ರತಿ ಹೆಜ್ಜೆಯ ಹೊರೆಯೂ ಅಂಗಾಲಿನ ಮೇಲೆ ಬೀಳುತ್ತದೆ. ಹಾಗಾಗಿ ಹಿಮ್ಮಡಿಯನ್ನೇ ಉಜ್ಜುತ್ತಾ ಕೂರಲಿಲ್ಲ.

ನಮ್ಮ ಮೀನಖಂಡವನ್ನು ನಾವೇ ಒತ್ತಿಕೊಳ್ಳುವುದು ಕಷ್ಟ, ಹೆಬ್ಬೆರಳು ಸೋತು ಹೋಗುತ್ತದೆ. ಅದಕ್ಕೆ ನನ್ನ ಉಪಾಯ ಹೀಗೆ: ಅಂಗಾತ ಮಲಗಿ, ಬಲ ಮೊಣಕಾಲು ಮಡಚಿ, ಎಡಗಾಲಿನ ಮೀನಖಂಡವನ್ನು ಅದರ ಮೇಲೆ ಇಡುವುದು. ಕಾಲಿನ ಭಾರ ತಾನಾಗಿಯೇ ಒತ್ತುತ್ತದೆ. ನಿಧಾನಕ್ಕೆ ಮೇಲೆ ಕೆಳಗೆ ಜಾರಿಸಬೇಕು. ಎಲ್ಲಿ ಹಿಡಿದಂತೆ ಆಗುತ್ತದೋ ಅಲ್ಲಿ ನಿಲ್ಲಿಸಿ, ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸಬೇಕು. ನನಗೆ ಸಿಕ್ಕಿದ ಗಂಟು ಮೊಣಕಾಲು ಮತ್ತು ಕಣಕಾಲಿನ ನಡುವೆ, ಒಳಬದಿಯಲ್ಲಿ ಇತ್ತು. ಅದನ್ನು ಒತ್ತಿದರೆ ಹಿಮ್ಮಡಿಯಲ್ಲೇ ಒಂಥರಾ ನೋವು ಎದ್ದು ಬರುತ್ತಿತ್ತು.

ಆಮೇಲೆ ಅಂಗಾಲು. ಸ್ವಲ್ಪ ಎಣ್ಣೆ ಸವರಿ, ಒಂದು ಕೈಯಲ್ಲಿ ಬೆರಳುಗಳನ್ನು ಹಿಂದಕ್ಕೆ ಹಿಡಿದು, ಇನ್ನೊಂದು ಕೈಯ ಗೆಣ್ಣಿನಿಂದ ಹಿಮ್ಮಡಿ ಕಡೆಯಿಂದ ಬೆರಳಿನ ಕಡೆಗೆ ನೀವುವುದು. ನೋವು 10ಕ್ಕೆ 4 ದಾಟಬಾರದು. ಹಲ್ಲು ಕಚ್ಚಿಕೊಂಡು ತಡೆದರೆ ಬೇಗ ವಾಸಿಯಾಗುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ. ಕೆಂಪಗೆ ನೋಯುವ ಜಾಗವನ್ನು ಅರೆದರೆ ಮರುದಿನ ನೋವು ಜಾಸ್ತಿಯಾಗುತ್ತದೆ ಅಷ್ಟೇ. ಕಣಕಾಲಿನ ಕೀಲನ್ನು ಸಡಿಲ ಮಾಡಲು ಮಾತ್ರ ಜೊತೆಯಲ್ಲಿ ಕೆಲಸ ಮಾಡುವವರ ಕೈಗೆ ಕಾಲು ಕೊಟ್ಟೆ. ಅದು ನಮಗೆ ನಾವೇ ಸರಿಯಾಗಿ ಮಾಡಿಕೊಳ್ಳಲು ಬರುವುದಿಲ್ಲ.

ಇಷ್ಟು ಮಾಡಿ ಗೋಡೆಯ ಮುಂದೆ ನಿಂತರೆ ಅಳತೆ ಕೂಡಲೇ ಹೆಚ್ಚುತ್ತಿತ್ತು, ನಡೆಯಲು ಹಗುರ. ಆದರೆ ಮಾರನೇ ದಿನಕ್ಕೆ ಹೆಚ್ಚುಕಡಿಮೆ ಮೊದಲಿನಂತೆಯೇ. ಕೈಚಿಕಿತ್ಸೆಯ ಬಗ್ಗೆ ನಾವು ಕಸುಬಿನವರು ಬಾಯಿಬಿಟ್ಟು ಹೇಳದ ಮಾತು ಇದು. ಒತ್ತುವುದರಿಂದ ಪಟ್ಟಿ ಉದ್ದವಾಗುವುದೂ ಇಲ್ಲ, ಗಟ್ಟಿಯಾಗುವುದೂ ಇಲ್ಲ. ಕೆಲವು ಗಂಟೆ ನೋವು ತಗ್ಗುತ್ತದೆ. ಆ ಹೊತ್ತಿನಲ್ಲಿ ವ್ಯಾಯಾಮ ಮಾಡಿದರೆ ಮಾತ್ರ ಒತ್ತಿಸಿಕೊಂಡಿದ್ದಕ್ಕೆ ಬೆಲೆ.

ನಾನು ಮುಖ್ಯವಾಗಿ ಮಾಡಿದ್ದು ಎರಡು. ಹಾಸಿಗೆಯಿಂದ ಇಳಿಯುವ ಮುಂಚೆಯೇ ಎಡಗಾಲನ್ನು ಬಲ ತೊಡೆಯ ಮೇಲಿಟ್ಟು, ಕಾಲ್ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು 10 ಸೆಕೆಂಡ್ ಹಿಡಿಯುವುದು. ಹೀಗೆ 10 ಸಲ. ಅಂಗಾಲಿನ ಪಟ್ಟಿ ತಂತಿಯಂತೆ ಬಿಗಿಯುವುದು ಇನ್ನೊಂದು ಕೈಗೆ ಸಿಗಬೇಕು, ಇಲ್ಲದಿದ್ದರೆ ಎಳೆದಿದ್ದು ಸಾಲದು ಎಂದರ್ಥ. ದಿನಕ್ಕೆ ಮೂರು ಸಲ ಮಾಡಬಹುದು, ಆದರೆ ಬೆಳಗಿನದನ್ನು ಬಿಡುವಂತಿಲ್ಲ. ಇನ್ನೊಂದು, ಹಿಮ್ಮಡಿ ಎತ್ತುವುದು. ಮೆಟ್ಟಿಲಂಚಿನಲ್ಲಿ ಒಂದೇ ಕಾಲಲ್ಲಿ ನಿಂತು, ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, 3 ಸೆಕೆಂಡ್ ಏರುವುದು, 2 ಸೆಕೆಂಡ್ ನಿಲ್ಲುವುದು, 3 ಸೆಕೆಂಡ್ ಇಳಿಯುವುದು. ದಿನ ಬಿಟ್ಟು ದಿನ, 12 ಸಲದಂತೆ ಮೂರು ಸುತ್ತು. ಒಂದೇ ಕಾಲಲ್ಲಿ ಆಗದವರು ಎರಡೂ ಕಾಲಲ್ಲಿ ಶುರು ಮಾಡಲಿ. ಸಲೀಸಾದ ಮೇಲೆ ಬೆನ್ನಿಗೆ ಬ್ಯಾಗ್ ಹಾಕಿ ಭಾರ ಏರಿಸಿದೆ. ಟವೆಲ್ ಸುಮ್ನೆ ಅಲ್ಲ. ಬೆರಳು ಮೇಲಕ್ಕೆ ಬಾಗಿದರೆ ಆ ಪಟ್ಟಿಗೆ ಭಾರ ಹೆಚ್ಚು ತಲುಪುತ್ತದೆ.

ಮನೆಮದ್ದಿನಲ್ಲಿ ನನಗೆ ಹಿಡಿಸಿದ್ದು ಐಸ್ ಕಟ್ಟಿದ ನೀರಿನ ಬಾಟಲಿ. ಸಂಜೆ ಕುರ್ಚಿಯಲ್ಲಿ ಕೂತು, ಸಾಕ್ಸ್ ಹಾಕಿದ ಪಾದದಡಿ 10 ನಿಮಿಷ ಉರುಳಿಸುತ್ತಿದ್ದೆ. ಬೆಳಗ್ಗೆ ಬಿಗಿ ಜಾಸ್ತಿ ಇದ್ದ ದಿನ ಮೀನಖಂಡಕ್ಕೆ ಬಿಸಿನೀರಿನ ಶಾಖ. ಎರಡೂ ಹಿತ ಕೊಡುತ್ತವೆ, ವಾಸಿ ಮಾಡುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಇವೆರಡರ ತಂಟೆಗೂ ಹೋಗಬಾರದು, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಿದೆ. ನಿಲ್ಲುವ ಕೆಲಸ ಜಾಸ್ತಿ ಇದ್ದ ದಿನ ಅಂಗಾಲಿಗೆ ಟೇಪ್ ಸುತ್ತಿಕೊಂಡೆ.

ಸ್ಟೀರಾಯ್ಡ್ ಇಂಜೆಕ್ಷನ್ ತೆಗೆದುಕೋ, ಬೇಗ ಹೋಗುತ್ತದೆ ಎಂದವರೂ ಇದ್ದರು. ನೋವು ತಾತ್ಕಾಲಿಕವಾಗಿ ಇಳಿಯುವುದು ನಿಜ. ಆದರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆಯುವ ಅಪಾಯವೂ ಇದೆ. ತಿಂಗಳುಗಟ್ಟಲೆ ಕಾಯಲು ನಾನು ತಯಾರಿದ್ದೆ, ಬೇಡವೆಂದೆ. ಇದು ಹೆಚ್ಚಿನವರಿಗೆ ಒಂದು ವರ್ಷದೊಳಗೆ ಇಳಿಯುವ ನೋವು. ನನ್ನದೂ ಹಾಗೆಯೇ, ಒಂದೇ ಸಲ ಮಾಯವಾಗದೆ ಎಳೆದಾಡುತ್ತಾ ಹೋಯಿತು.

ಎಲ್ಲ ಹಿಮ್ಮಡಿ ನೋವಿಗೂ ಇದೇ ದಾರಿ ಅಲ್ಲ. ಉರಿ, ಜೋಮು ಇದ್ದರೆ ನರ ಒತ್ತಿಕೊಂಡಿರಬಹುದು. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಹಿಂಡಿದಾಗ ಚೀರುವಷ್ಟು ನೋವಾದರೆ ಮೂಳೆ ಬಿರುಕು ಬಿಟ್ಟಿರಬಹುದು. ನಡೆಯುವಾಗ ಅಂಗಾಲಿನಲ್ಲಿ ಟಪ್ ಎಂದು ಶಬ್ದ ಬಂದು, ಊದಿ, ಕಪ್ಪಗೆ ಕಟ್ಟಿದರೆ ಎಳೆಯುವುದು ಒತ್ತುವುದು ಎಲ್ಲ ಬಿಟ್ಟು ಮೊದಲು ಡಾಕ್ಟರ್ ಹತ್ತಿರ ಹೋಗಿ.